ಪದಕಕ್ಕೆ ಸಾಕ್ಷಿ ಯಾರು?

ಪದಕ ಎಂಬ ಮಾತು ಸೈನ್ಯದಲ್ಲಿ ಹುಟ್ಟಿದ್ದಲ್ಲ. ಕನ್ನಡದಲ್ಲಿ ಅದು ಮೊದಲಿಗೆ ಕೊರಳ ಸರದ ನಡುವೆ, ಎದೆಯ ಮೇಲೆ ಬಂದು ಕೂರುವ ಒಡವೆ. ದೇವರ ಮೂರ್ತಿಗೂ ಪದಕ ಉಂಟು, ಮದುಮಗಳಿಗೂ ಉಂಟು. ಒಡವೆ ತೊಟ್ಟವರ ಅಂದ ಹೆಚ್ಚಿಸುತ್ತದೆ. ಸೈನಿಕನ ಎದೆಯ ಪದಕ ಅವನು ಎಂದೋ ಎಲ್ಲೋ ಮಾಡಿದ ಕೆಲಸವೊಂದನ್ನು ಹೇಳುತ್ತದೆ. ಆ ಕೆಲಸವೋ ಕೆಲವು ನಿಮಿಷಗಳಲ್ಲಿ ನಡೆದು ಮುಗಿದುಹೋದದ್ದು. ಮುಗಿದುಹೋದ ಧೈರ್ಯವನ್ನು ಬೆಳ್ಳಿಯಲ್ಲೋ ಕಂಚಿನಲ್ಲೋ ಅಚ್ಚೊತ್ತಿ ಕೊಡುವಾಗ ಗೌರವ ಸಲ್ಲುವುದು ಯಾವುದಕ್ಕೆ? ಕೆಲಸಕ್ಕೋ, ಅದರ ಫಲಕ್ಕೋ, ಅದು ಯಾರ ಪರವಾಗಿ ನಡೆಯಿತು ಎಂಬುದಕ್ಕೋ, ಅಥವಾ ಅದನ್ನು ಕಂಡು ಬಂದು ಹೇಳಿದ ಕಣ್ಣಿಗೋ? ಯಾರೂ ಕಾಣದೆ ಹೋದ ಧೈರ್ಯಕ್ಕೆ ಬೆಲೆ ಉಂಟೇ? ಧರ್ಮಶಾಸ್ತ್ರ, ತತ್ತ್ವಶಾಸ್ತ್ರಗಳು ಪುಣ್ಯದ ಬಗ್ಗೆ ಬಹುಕಾಲದಿಂದ ಕೇಳುತ್ತ ಬಂದ ಪ್ರಶ್ನೆಯೇ ಇದು. ಪದಕ ಅದನ್ನು ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದಾಗಿ ತಂದು ಇಡುತ್ತದೆ.

ಮಂಗಳೂರಿನ ಬಲ್ಮಠದಲ್ಲಿ ನಿಂತು ಈ ಪ್ರಶ್ನೆಯನ್ನು ಕೇಳುವುದಕ್ಕೆ ಕಾರಣವಿದೆ. ಬಲ್ಮಠದ ಗುಡ್ಡದ ಮೇಲೆ ಬಾಸೆಲ್ ಮಿಷನ್ನಿನವರು ನೆಲೆಯೂರಿದ್ದು 1840ರ ಸುಮಾರಿಗೆ. ಅಲ್ಲಿ ಅವರು 1847ರಲ್ಲಿ ಆರಂಭಿಸಿದ ದೈವಜ್ಞಾನ ಶಾಲೆಯೇ ಇಂದಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರ ಜುಲೈ 1ರಂದು ಹೊರತಂದ ಹರ್ಮನ್ ಮೋಗ್ಲಿಂಗ್ ಈ ಪರಿಸರದವರು. ಬಲ್ಮಠದಿಂದ ಹಂಪನಕಟ್ಟೆಯ ಕಡೆಗೆ ಇಳಿಯುವ ದಾರಿಯ ಪಕ್ಕದಲ್ಲೇ ಬಾವುಟಗುಡ್ಡೆ. ಮಿಷನ್ನಿನವರು ಬಲ್ಮಠಕ್ಕೆ ಬರುವ ಕೆಲವೇ ವರ್ಷ ಮುಂಚೆ, 1837ರ ಏಪ್ರಿಲ್ 5ರಂದು, ಸುಳ್ಯದ ಕಡೆಯಿಂದ ನಡೆದು ಬಂದ ರೈತ ದಂಡು ಮಂಗಳೂರನ್ನು ಹಿಡಿದು ಆ ಗುಡ್ಡದ ಮೇಲೆ ತನ್ನ ಬಾವುಟ ಏರಿಸಿತು. ಒಂದೇ ಘಟನೆಗೆ ಒಂದು ಕಡೆ ಪದಕವೂ ಇನ್ನೊಂದು ಕಡೆ ನೇಣೂ ಸಿಕ್ಕ ಕಥೆ ಇಲ್ಲಿಂದ ಶುರುವಾಗುತ್ತದೆ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಕೊನೆಯ ರಾಜ ಚಿಕ್ಕವೀರರಾಜೇಂದ್ರನನ್ನು ಪಟ್ಟದಿಂದ ಇಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕತ್ತರಿಸಿ ಕೆನರಾ ಜಿಲ್ಲೆಗೆ ಜೋಡಿಸಿತು. ಅಲ್ಲಿಯವರೆಗೆ ಬೆಳೆದದ್ದರಲ್ಲೇ ಕಂದಾಯ ಒಪ್ಪಿಸುತ್ತಿದ್ದ ಬೇಸಾಯಗಾರರು ಇನ್ನು ಮೇಲೆ ನಗದು ಕಟ್ಟಬೇಕಾಯಿತು. ಕೈಯಲ್ಲಿ ಕಾಸು ಓಡಾಡದ ಮಲೆನಾಡಿನ ಅಂಚಿನಲ್ಲಿ ಇದರ ಅರ್ಥ ಸಾಹುಕಾರನ ಮನೆ ಬಾಗಿಲು ತಟ್ಟುವುದು. ಕೊಡಗಿನ ರಾಜಮನೆತನದವನೆನ್ನಲಾದ ಕಲ್ಯಾಣಸ್ವಾಮಿಯ ಹೆಸರಿನಲ್ಲಿ, ಕೆದಂಬಾಡಿ ರಾಮಯ್ಯ ಗೌಡ, ಗುಡ್ಡೆಮನೆ ಅಪ್ಪಯ್ಯ ಗೌಡ ಮೊದಲಾದವರ ಮುಂದಾಳುತನದಲ್ಲಿ ಎದ್ದ ಬಂಡಾಯ ಬೆಳ್ಳಾರೆ, ಪುತ್ತೂರು, ಬಂಟ್ವಾಳಗಳನ್ನು ದಾಟಿ ಮಂಗಳೂರಿಗೆ ಬಂತು. ಕಂಪನಿಯ ಅಧಿಕಾರಿಗಳು ಕಡಲ ದಾರಿ ಹಿಡಿದರು. ಎರಡು ವಾರದೊಳಗೆ ಹೆಚ್ಚಿನ ಸೈನ್ಯ ಬಂದು ಊರು ಮತ್ತೆ ಕಂಪನಿಯ ಕೈಗೆ ಹೋಯಿತು. ಬಲ್ಮಠದಿಂದ ಮೂಡಲಿಗೆ, ನಂತೂರು ದಾಟಿದರೆ ಸಿಗುವ ಬಿಕರ್ನಕಟ್ಟೆಯಲ್ಲಿ ಬಂಡಾಯದ ಮುಂದಾಳುಗಳನ್ನು ಗಲ್ಲಿಗೇರಿಸಿದರು. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಅದೇ ವರ್ಷ ಅಕ್ಟೋಬರ್ 31ರಂದು ಮಡಿಕೇರಿಯ ಕೋಟೆಯಲ್ಲಿ ಗಲ್ಲಿಗೇರಿಸಲಾಯಿತು.

ಕೊಡಗಿನ ಒಳಗೆ ಬಂಡಾಯ ಹರಡದಂತೆ ತಡೆದವರು ಕಂಪನಿಯ ಬಿಳಿಯ ಸೈನಿಕರಿಗಿಂತ ಹೆಚ್ಚಾಗಿ ದಿವಾನ್ ಅಪ್ಪಾರಂಡ ಬೋಪು ಮತ್ತು ಅವರ ಜೊತೆ ಹೊರಟ ಕೊಡವರು. ಅವರಿಗಾಗಿ ಕಂಪನಿ ಒಂದು ಪ್ರತ್ಯೇಕ ಪದಕವನ್ನೇ ಅಚ್ಚು ಹಾಕಿಸಿತು. ಕೆಲವರಿಗೆ ಚಿನ್ನದ್ದು, ಹಲವರಿಗೆ ಬೆಳ್ಳಿಯದು. ಅದರ ಒಂದು ಮುಖದಲ್ಲಿ ಒಂದು ಕೈಯಲ್ಲಿ ಕೋವಿ ಹಿಡಿದು, ಇನ್ನೊಂದು ಕೈಯಲ್ಲಿ ಕತ್ತಿ ಎತ್ತಿ ನಿಂತ ಕೊಡವ ಯೋಧ. ಅಂಚಿನಲ್ಲಿ ಬಿಟ್ಟೂಬಿಡದೆ ಬರಹ, ಒಂದು ಕಡೆ ಇಂಗ್ಲಿಷಿನಲ್ಲಿ, ಇನ್ನೊಂದು ಕಡೆ ಕನ್ನಡದಲ್ಲಿ. ಕಂಪನಿ ಸರಕಾರಕ್ಕೆ ತೋರಿದ ನಿಷ್ಠೆಗೆ ಇದು ಗುರುತು ಎಂಬುದು ಅದರ ತಾತ್ಪರ್ಯ. ಕನ್ನಡ ಅಕ್ಷರ ಹೊತ್ತ ಯುದ್ಧಪದಕಗಳು ಬಹಳ ವಿರಳ. ಅಂಥ ಒಂದು ಪದಕ ಹುಟ್ಟಿದ್ದು ಕನ್ನಡ, ತುಳು, ಅರೆಭಾಷೆ ಆಡುವ ರೈತರ ದಂಗೆಯನ್ನು ಅಡಗಿಸಿದ್ದಕ್ಕೆ ಎಂಬುದು ಓದಿದಾಗ ಎದೆಗೆ ತಾಕುವ ಸಂಗತಿ. ಮೋಗ್ಲಿಂಗ್ ಮುಂದೆ ಕೊಡಗಿಗೆ ಹೋಗಿ ನೆಲೆಸಿ, 1855ರಲ್ಲಿ ಪ್ರಕಟಿಸಿದ ಕೊಡಗಿನ ವೃತ್ತಾಂತದಲ್ಲಿ ಈ ಬಂಡಾಯದ ಕಥೆಯನ್ನು ವಿಸ್ತಾರವಾಗಿ ಬರೆದರು. ಆ ಕಾಲದ ಬರಹದಲ್ಲಿ ರಾಜನಿಷ್ಠೆ ಒಂದು ಗುಣ, ಬಂಡಾಯ ಒಂದು ದೋಷ. 2022ರ ನವೆಂಬರ್‌ನಲ್ಲಿ ಬಾವುಟಗುಡ್ಡೆಯ ಮೇಲೆ ರಾಮಯ್ಯ ಗೌಡರ ಪ್ರತಿಮೆ ನಿಂತಾಗ ತಕ್ಕಡಿ ಪೂರ್ತಿ ಇನ್ನೊಂದು ಕಡೆಗೆ ವಾಲಿತ್ತು.

ಇಲ್ಲಿ ಎರಡು ಪ್ರಶ್ನೆಗಳನ್ನು ಬೇರೆ ಬೇರೆ ಇಟ್ಟುಕೊಳ್ಳುವುದು ಅಗತ್ಯ. ಯಾವ ಪಕ್ಷಕ್ಕಾಗಿ ಹೋರಾಡಿದ ಎಂಬುದು ಒಂದು. ಹೋರಾಡುವಾಗ ಹೇಗೆ ನಡೆದುಕೊಂಡ ಎಂಬುದು ಇನ್ನೊಂದು. ಪದಕ ಎರಡನ್ನೂ ಒಂದೇ ಲೋಹದಲ್ಲಿ ಕಲಸಿಬಿಡುತ್ತದೆ. ಕಂಪನಿಯ ಪದಕದ ಬರಹವೇ ಇದಕ್ಕೆ ಸಾಕ್ಷಿ: ಅದು ಒಳ್ಳೆಯ ನಡತೆ ಮತ್ತು ನಿಷ್ಠೆ ಎರಡನ್ನೂ ಒಂದೇ ಉಸಿರಿನಲ್ಲಿ ಹೊಗಳುತ್ತದೆ. ಪದಕ ಕೊಡುವ ಯಾವ ಪ್ರಭುತ್ವವೂ ತನ್ನ ವಿರುದ್ಧ ಧೈರ್ಯ ತೋರಿದವನಿಗೆ ಅದನ್ನು ಕೊಡುವುದಿಲ್ಲ. ಹಾಗಾಗಿ ಪದಕದ ಮಾತು ಎಂದಿಗೂ ಪೂರ್ತಿ ಧೈರ್ಯದ ಮಾತಲ್ಲ. ಅದರಲ್ಲಿ ಕೊಡುವವನ ಲಾಭದ ಪಾಲೂ ಸೇರಿದೆ.

ಕನ್ನಡದ ಹಳೆಯ ಸಂಪ್ರದಾಯ ಈ ಕಷ್ಟವನ್ನು ಬಲ್ಲದು. ಪದಕಕ್ಕಿಂತ ಸಾವಿರ ವರ್ಷ ಹಿಂದಿನ ವೀರಗಲ್ಲುಗಳು ಈ ನಾಡಿನ ತುಂಬ ನಿಂತಿವೆ. ಸಾಮಾನ್ಯವಾಗಿ ಕಲ್ಲಿನಲ್ಲಿ ಮೂರು ಹಂತ: ಕೆಳಗೆ ಕಾಳಗ, ನಡುವೆ ಅಪ್ಸರೆಯರು ವೀರನನ್ನು ಎತ್ತಿಕೊಂಡು ಹೋಗುವ ನೋಟ, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕುಳಿತಿರುವುದು. ಗೆದ್ದವನಿಗೇ ಕಲ್ಲು ಎಂಬ ನಿಯಮವಿಲ್ಲ. ತುರುಗಳ್ಳರನ್ನು ತಡೆದು ಸತ್ತ ಊರ ಕಾವಲಿನವನಿಗೂ ಕಲ್ಲು ಉಂಟು. ಜೊತೆಗೆ ಭೂಮಿ ಉಂಟು: ಬಿದ್ದವನ ಮನೆಯವರಿಗೆ ಕೊಡುವ ಹೊಲ ನೆತ್ತರುಗೊಡಗೆ, ಕತ್ತಿ ತೊಳೆದು ಕೊಡುವ ದತ್ತಿ ಬಾಳ್ಗಳ್ಚು. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಇವುಗಳಲ್ಲೆಲ್ಲ ವಿಶೇಷವಾದದ್ದು. ಆ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಹತ್ತನೆಯ ಶತಮಾನದ ನಡುವೆ ತಕ್ಕೋಲದ ಯುದ್ಧದಲ್ಲಿ ಗಂಗ ದೊರೆ ಬೂತುಗ ಚೋಳ ರಾಜಾದಿತ್ಯನನ್ನು ಕೊಂದ. ಬೂತುಗನ ಜೊತೆ ಕಾದಿದ ಮಣಲೇರನಿಗೆ ಬೇಕಾದ್ದನ್ನು ಕೇಳು ಎಂದಾಗ ಅವನು ಕೇಳಿದ್ದು ಊರನ್ನಲ್ಲ, ಚಿನ್ನವನ್ನಲ್ಲ. ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಮುಂದೆ ಕಾಡುಹಂದಿಯೊಂದರ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಮಣಲೇರ ದೇವಾಲಯದ ಎದುರು ನಾಯಿಗೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿ ಬಿಟ್ಟ. ಹಂದಿ ಮತ್ತು ನಾಯಿ ಎದುರುಬದುರಾಗಿ ಕೆತ್ತಲ್ಪಟ್ಟ ಆ ಕಲ್ಲಿನ ಮುಂದೆ ನಿಂತರೆ ಒಂದು ಮಾತು ಹೊಳೆಯದೆ ಇರದು. ನಾಯಿಗೆ ರಾಜ್ಯ ತಿಳಿಯದು, ಪಕ್ಷ ತಿಳಿಯದು, ಬಿರುದು ತಿಳಿಯದು. ಅದು ಹಿಂಜರಿಯಲಿಲ್ಲ ಎಂಬುದಷ್ಟೇ ಕಲ್ಲಿಗೆ ಕಾರಣವಾಯಿತು. ಧೈರ್ಯವನ್ನು ಅದರ ಪಕ್ಷದಿಂದ ಬಿಡಿಸಿ ನೋಡಿದ ಅಪರೂಪದ ಗೌರವ ಅದು.

ಸೈನಿಕನ ನೀತಿಗೆ ಕನ್ನಡದಲ್ಲಿ ಜೋಳವಾಳಿ ಎಂಬ ಹೆಸರಿತ್ತು. ಒಡೆಯನ ಜೋಳ ಉಂಡವನು ಅವನಿಗಾಗಿ ಪ್ರಾಣ ಕೊಡಬೇಕು ಎಂಬುದು ಅದರ ಹುರುಳು. ಇದನ್ನು ಬರೀ ಕೂಲಿಯ ಲೆಕ್ಕವೆಂದು ತಳ್ಳಿಹಾಕುವಂತಿಲ್ಲ. 941ರಲ್ಲಿ ಮುಗಿದ ಪಂಪನ 'ವಿಕ್ರಮಾರ್ಜುನ ವಿಜಯ'ದಲ್ಲಿ ಕರ್ಣನ ಇಡೀ ಬಾಳು ಈ ನೀತಿಯ ಮೇಲೆ ನಿಂತಿದೆ. ತಾನು ಪಾಂಡವರ ಅಣ್ಣ ಎಂದು ತಿಳಿದ ಮೇಲೂ ಅವನು ದುರ್ಯೋಧನನನ್ನು ಬಿಡಲಿಲ್ಲ. ತನ್ನ ಆಶ್ರಯದಾತನನ್ನು ಅರ್ಜುನನಿಗೆ ಹೋಲಿಸಿ ಬರೆಯುತ್ತಿದ್ದ, ಸ್ವತಃ ಕತ್ತಿ ಹಿಡಿದು ಕಾದಿದ್ದ ಕವಿ, ಸೋಲುವ ಪಕ್ಷದ ಕರ್ಣನಿಗೆ ಅಷ್ಟು ದೊಡ್ಡ ಜಾಗ ಕೊಟ್ಟಿದ್ದು ಕನ್ನಡ ಓದುಗರಿಗೆ ಸಾವಿರ ವರ್ಷದಿಂದ ಪರಿಚಿತ. ಯಾವ ಅರಮನೆಯೂ ಕೊಡಲಾಗದ ಪದಕವನ್ನು ಕಾವ್ಯ ಕೊಟ್ಟಿತು. ತುಳುನಾಡಿನಲ್ಲಿ ಇದೇ ಕೆಲಸವನ್ನು ಪಾಡ್ದನ ಎಂಬ ಹಾಡುಗತೆ ಮಾಡಿದೆ. ಬಲ್ಮಠಕ್ಕೆ ಸಮೀಪದ ಕಂಕನಾಡಿಯ ಗರಡಿಯಲ್ಲಿ ಇಂದಿಗೂ ನೇಮ ನಡೆಯುವ ಕೋಟಿ ಚೆನ್ನಯರು ಬಲ್ಲಾಳರ ಆಸ್ಥಾನದಲ್ಲಿ ಅನ್ಯಾಯ ಉಂಡವರು. ಅವರನ್ನು ದೈವದ ಪೀಠಕ್ಕೆ ಏರಿಸಿದ್ದು ಜನರ ನೆನಪು.

ಹಾಗಾದರೆ 1837ರ ಪದಕ ಪಡೆದ ಕೊಡವನನ್ನು ಹೇಗೆ ಕಾಣಬೇಕು? ಅವನ ಪಕ್ಷ ತಪ್ಪೆಂದು ಇಂದು ಹೇಳುವುದು ಸುಲಭ, ಮತ್ತು ಬಂಡಾಯದ ರೈತರ ನೋವು ನ್ಯಾಯವಾದದ್ದು ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕೊನೆಯ ರಾಜನ ಕ್ರೌರ್ಯವನ್ನು ಕಣ್ಣಾರೆ ಕಂಡಿದ್ದ ಕುಟುಂಬಗಳಿಗೆ ಅವನ ಮನೆತನದ ಹೆಸರಿನಲ್ಲಿ ಬಂದ ಕರೆ ಭಯ ಹುಟ್ಟಿಸಿತ್ತು ಎಂಬುದೂ ನಿಜ. ಆ ಕೊಡವನ ಆಯ್ಕೆಯನ್ನು ಒಪ್ಪದೆಯೂ ಅವನು ಹೇಡಿಯಲ್ಲ ಎಂದು ಹೇಳಬಹುದು. ಗಲ್ಲಿಗೇರಿದವನ ಧೈರ್ಯಕ್ಕೆ ಮಾತ್ರ ಆಗ ಯಾವ ಬರಹವೂ ಸಿಗಲಿಲ್ಲ. ಅದಕ್ಕೆ ಸಾಕ್ಷಿಯಾಗಿ ನಿಂತಿದ್ದವರು ನೇಣು ಹಾಕಿದವರೇ.

ಶತ್ರುವೇ ಸಾಕ್ಷಿಯಾಗುವ ಈ ವಿಚಿತ್ರ ಮತ್ತೆ ಅದೇ ಕೊಡಗಿನ ಒಬ್ಬ ಅಧಿಕಾರಿಯ ಬಾಳಿನಲ್ಲಿ ಬಂತು, ಈ ಬಾರಿ ಸ್ವತಂತ್ರ ಭಾರತದ ಆಕಾಶದಲ್ಲಿ. ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಹುಟ್ಟಿದ್ದು 1932ರ ಡಿಸೆಂಬರ್ 24ರಂದು. 1954ರಲ್ಲಿ ವಾಯುಪಡೆಗೆ ಸೇರಿದರು. ಹಾರಾಟ ಕಲಿಸುವ ತರಬೇತುದಾರರಾಗಿದ್ದ ಅವರು 1965ರ ಯುದ್ಧದ ಹೊತ್ತಿಗೆ ಪಂಜಾಬಿನ ಆದಂಪುರದಲ್ಲಿದ್ದ ನಂಬರ್ 1 ಸ್ಕ್ವಾಡ್ರನ್ನಿನಲ್ಲಿದ್ದರು. ಸ್ಕ್ವಾಡ್ರನ್ನಿನ ವಿಮಾನ ಫ್ರೆಂಚ್ ತಯಾರಿಕೆಯ ಮಿಸ್ಟೇರ್. ಗಟ್ಟಿಮುಟ್ಟಾದ ವಿಮಾನವೇ, ಆದರೆ ಮಟ್ಟವಾಗಿ ಹಾರುವಾಗ ಶಬ್ದದ ವೇಗ ದಾಟದು. ಎದುರಾಳಿ ಪಾಕಿಸ್ತಾನದ ಬಳಿ ಅಮೆರಿಕ ಕೊಟ್ಟ ಎಫ್-104 ಸ್ಟಾರ್‌ಫೈಟರ್ ಇತ್ತು. ಅದರ ವೇಗ ಶಬ್ದದ ಎರಡರಷ್ಟು.

ಸೆಪ್ಟೆಂಬರ್ 7ರ ಬೆಳಗಿನ ಜಾವ ಪಾಕಿಸ್ತಾನದ ದೊಡ್ಡ ವಾಯುನೆಲೆ ಸರ್ಗೋಧಾದ ಮೇಲೆ ದಾಳಿ ನಿಗದಿಯಾಗಿತ್ತು. ಸ್ಕ್ವಾಡ್ರನ್ನಿನ ಮುಖ್ಯಸ್ಥ ವಿಂಗ್ ಕಮಾಂಡರ್ ಓ. ಪಿ. ತನೇಜಾ ಮುಂದಾಳು. ದೇವಯ್ಯ ಆ ದಿನ ಕಾದಿರಿಸಿದ ಪೈಲಟ್. ಯಾರದಾದರೂ ವಿಮಾನ ಕೈಕೊಟ್ಟರೆ ಮಾತ್ರ ಅವರ ಸರದಿ. ಒಂದು ವಿಮಾನ ಕೈಕೊಟ್ಟಿತು, ದೇವಯ್ಯ ಹೊರಟರು. ದಾಳಿ ಮುಗಿಸಿ ತಂಡ ಮರಳುತ್ತಿದ್ದಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಸ್ಟಾರ್‌ಫೈಟರ್ ಅವರ ವಿಮಾನದ ಬೆನ್ನು ಹತ್ತಿತು. ಗುಂಡು ತಗುಲಿ ಮಿಸ್ಟೇರ್ ಜಖಂ ಆಯಿತು. ಏಟು ತಿಂದ ವಿಮಾನ ನೆಲಕ್ಕೆ ಹತ್ತಿರವಾಗಿ ಹಾರುತ್ತ ಮನೆಯ ದಾರಿ ಹಿಡಿಯಬಹುದಿತ್ತು. ದೇವಯ್ಯ ತಿರುಗಿ ನಿಂತರು. ನಿಧಾನದ ವಿಮಾನಕ್ಕೆ ಇರುವ ಒಂದೇ ಅನುಕೂಲ ಕಡಿಮೆ ಜಾಗದಲ್ಲಿ ತಿರುಗುವುದು. ಅದನ್ನು ಬಳಸಿ ಸ್ಟಾರ್‌ಫೈಟರ್‌ಗೆ ಗುಂಡು ಹೊಡೆದರು. ಅದು ಹತೋಟಿ ತಪ್ಪಿ, ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಇಳಿದು ಬದುಕಿದರು. ದೇವಯ್ಯನವರ ವಿಮಾನ ಮರಳಲಿಲ್ಲ. ಬಿದ್ದ ಜಾಗದ ಹಳ್ಳಿಯವರು ಅವರ ದೇಹವನ್ನು ಅಲ್ಲೇ ಮಣ್ಣು ಮಾಡಿದರು. ಆಗ ಅವರಿಗೆ 32 ವರ್ಷ.

ಆದಂಪುರದಲ್ಲಿ ಇದರ ಒಂದು ತುಣುಕೂ ಯಾರಿಗೂ ಗೊತ್ತಾಗಲಿಲ್ಲ. ಜೊತೆಗಾರರು ತಮ್ಮ ತಮ್ಮ ದಾರಿಯಲ್ಲಿದ್ದರು. ವಿಮಾನದ ಕ್ಯಾಮೆರಾ ವಿಮಾನದ ಜೊತೆಗೇ ಹೋಯಿತು. ದಾಖಲೆಯಲ್ಲಿ ಉಳಿದದ್ದು ಒಂದೇ ಮಾತು: ಕಾಣೆಯಾಗಿದ್ದಾರೆ. 1979ರಲ್ಲಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ ಪಾಕಿಸ್ತಾನದ ಕಡೆಯ ಮಾಹಿತಿಯಿಂದ ಆ ಯುದ್ಧದ ವಾಯುಸಮರದ ಬಗ್ಗೆ ಪುಸ್ತಕ ಬರೆದಾಗ, ಸ್ಟಾರ್‌ಫೈಟರ್ ಅನ್ನು ಕೆಡವಿದ ಒಂಟಿ ಮಿಸ್ಟೇರ್‌ನ ಕಥೆ ಬೆಳಕಿಗೆ ಬಂತು. ಅದನ್ನು ಓದಿದ ಭಾರತೀಯರು ಲೆಕ್ಕ ತಾಳೆ ಹಾಕಿದರು. ಆ ದಿನ ಆ ಜಾಗದಿಂದ ಮರಳದ ಮಿಸ್ಟೇರ್ ದೇವಯ್ಯನವರದೇ. ತನೇಜಾ ತಮ್ಮ ಪೈಲಟ್‌ಗೆ ಸಲ್ಲಬೇಕಾದದ್ದಕ್ಕಾಗಿ ಮೇಲಿನವರಿಗೆ ಬರೆದರು. 1988ರಲ್ಲಿ, ಸತ್ತು 23 ವರ್ಷದ ಮೇಲೆ, ದೇವಯ್ಯನವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಸಂದಿತು. ರಾಷ್ಟ್ರಪತಿಗಳ ಕೈಯಿಂದ ಅವರ ಪತ್ನಿ ಅದನ್ನು ಸ್ವೀಕರಿಸಿದರು. ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದ ಬಳಿ ಇಂದು ದೇವಯ್ಯನವರ ಪ್ರತಿಮೆ ಇದೆ.

ಆ ಪದಕವನ್ನು ಹತ್ತಿರದಿಂದ ನೋಡಬೇಕು. ಮಹಾವೀರ ಚಕ್ರ ದುಂಡನೆಯ ಬೆಳ್ಳಿ. ಮೇಲೆ ಐದು ಮೂಲೆಯ ನಕ್ಷತ್ರ, ನಕ್ಷತ್ರದ ತುದಿಗಳು ಅಂಚನ್ನು ಮುಟ್ಟುತ್ತವೆ, ನಡುವೆ ರಾಷ್ಟ್ರಲಾಂಛನ. ಹಿಂಬದಿಯಲ್ಲಿ ಹಿಂದಿ ಮತ್ತು ಇಂಗ್ಲಿಷಿನಲ್ಲಿ ಪದಕದ ಹೆಸರು, ಅವುಗಳ ನಡುವೆ ಎರಡು ಕಮಲ. ಪಟ್ಟಿ ಅರ್ಧ ಬಿಳಿ, ಅರ್ಧ ಕಿತ್ತಳೆ. 1950ರ ಜನವರಿ 26ರಂದು ಪರಮವೀರ ಚಕ್ರ, ವೀರ ಚಕ್ರಗಳ ಜೊತೆ ಇದು ಸ್ಥಾಪನೆಯಾಗಿ, 1947ರ ಆಗಸ್ಟ್ 15ರಿಂದ ಅನ್ವಯವಾಯಿತು. ಈ ಮೂರಕ್ಕೂ ಒಂದು ಸಮಾನ ಕರಾರು ಇದೆ: ಶೌರ್ಯ ನಡೆದದ್ದು ನೆಲದಲ್ಲಾಗಲಿ, ಕಡಲಲ್ಲಾಗಲಿ, ಆಕಾಶದಲ್ಲಾಗಲಿ, ಅದು ಶತ್ರುವಿನ ಸಮ್ಮುಖದಲ್ಲಿ ಆಗಿರಬೇಕು. ಶತ್ರು ಎದುರಿಲ್ಲದ ಶೌರ್ಯಕ್ಕೆ ಅಶೋಕ ಚಕ್ರದ ಸಾಲು ಬೇರೆಯೇ ಇದೆ. ಕಾನೂನು ಬರೆದವರ ಮನಸ್ಸಿನಲ್ಲಿ ಈ ಮಾತು ಅಪಾಯದ ಅಳತೆಯಾಗಿತ್ತು. ದೇವಯ್ಯನವರ ಸಂಗತಿಯಲ್ಲಿ ಅದಕ್ಕೆ ಅಕ್ಷರಶಃ ಅರ್ಥ ಬಂತು. ಆ ಕಾಳಗದ ಸಮ್ಮುಖದಲ್ಲಿ ಇದ್ದದ್ದು ಶತ್ರು ಮಾತ್ರ. ಶತ್ರು ಬದುಕಿ ಉಳಿಯದೆ ಹೋಗಿದ್ದರೆ, ಅಥವಾ ಬದುಕಿಯೂ ಬಾಯಿ ಬಿಡದೆ ಇದ್ದಿದ್ದರೆ, ಪದಕ ಇರುತ್ತಿರಲಿಲ್ಲ.

ಇಲ್ಲಿ ಮೊದಲಿನ ಪ್ರಶ್ನೆ ಪೂರ್ತಿ ತೂಕದೊಂದಿಗೆ ಎದ್ದು ನಿಲ್ಲುತ್ತದೆ. 1965ರಿಂದ 1988ರವರೆಗೆ ದೇವಯ್ಯನವರ ಶೌರ್ಯ ಇತ್ತೋ ಇಲ್ಲವೋ? ಇತ್ತು ಎಂದೇ ಎಲ್ಲರೂ ಹೇಳುವರು. ಹಾಗಿದ್ದರೆ 1988ರಲ್ಲಿ ಅದಕ್ಕೆ ಕೂಡಿದ್ದು ಏನು? ಕೆಲಸಕ್ಕೆ ಏನೂ ಕೂಡಲಿಲ್ಲ. ಕೂಡಿದ್ದು ನಮಗೆ, ನಮ್ಮ ತಿಳಿವಳಿಕೆಗೆ. ಪದಕ ಶೌರ್ಯದ ಅಳತೆಗೋಲು ಎಂಬ ಸಾಮಾನ್ಯ ನಂಬಿಕೆ ಇಲ್ಲಿ ನಿಲ್ಲುವುದಿಲ್ಲ. ಅದು ಶೌರ್ಯದ ಬಗ್ಗೆ ಸಮಾಜಕ್ಕೆ ತಲುಪಿದ ಸಾಕ್ಷ್ಯದ ಅಳತೆ. ಕಾಣದೆ ಹೋದ ಎಷ್ಟೋ ಕೆಲಸಗಳ ಪಕ್ಕದಲ್ಲಿ ಕಂಡ ಒಂದು ಕೆಲಸಕ್ಕೆ ಪದಕ ಸಿಗುತ್ತದೆ ಎಂಬುದು ಪದಕಧಾರಿಗಳಿಗೇ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಕೂಡಿ ಕಾದಿ ಹಿಂತಿರುಗದ ಜೊತೆಗಾರರ ಹೆಸರಿನಲ್ಲೇ ತಮ್ಮ ಪದಕವನ್ನು ತೊಡುತ್ತೇವೆ ಎಂದು ಹಳೆಯ ಸೈನಿಕರು ಹೇಳುವುದು ಬಾಯಿಮಾತಿನ ವಿನಯವಲ್ಲ.

ಕಾಣುವವರಿಲ್ಲದ ಕೆಲಸದ ವಿಚಾರದಲ್ಲಿ ಕರಾವಳಿಯಲ್ಲೇ ಹುಟ್ಟಿದ ಒಂದು ದರ್ಶನ ನೆರವಿಗೆ ಬರುತ್ತದೆ. ಉಡುಪಿಯ ಹತ್ತಿರದ ಪಾಜಕದ ಮಧ್ವಾಚಾರ್ಯರು ಸಾಕ್ಷಿ ಎಂಬುದನ್ನು ಜೀವನ ಸ್ವರೂಪಕ್ಕೇ ಸೇರಿದ ಇಂದ್ರಿಯವೆಂದು ಹೇಳಿದರು. ಕಣ್ಣು ಕಿವಿಗಳು ತಪ್ಪಬಹುದು; ಸುಖ ದುಃಖವನ್ನು, ತಿಳಿದದ್ದು ನಿಜವೋ ಅಲ್ಲವೋ ಎಂಬುದನ್ನು ಕೊನೆಗೆ ನಿರ್ಣಯಿಸುವುದು ಒಳಗಿನ ಸಾಕ್ಷಿ, ಅದು ತಪ್ಪುವುದಿಲ್ಲ. ಜ್ಞಾನದ ಪ್ರಾಮಾಣ್ಯದ ಚರ್ಚೆಗಾಗಿ ಹೇಳಿದ ಈ ಮಾತು ನೀತಿಗೂ ದಾರಿ ತೋರುತ್ತದೆ. ಏಟು ತಿಂದ ವಿಮಾನವನ್ನು ತಿರುಗಿಸಿದ ಕ್ಷಣದಲ್ಲಿ ಆ ಕೆಲಸ ಸಾಕ್ಷಿಯಿಲ್ಲದೆ ಇರಲಿಲ್ಲ. ಮಾಡಿದವನ ಒಳಗೇ ಸಾಕ್ಷಿ ಇತ್ತು. ದ್ವೈತದ ಮಟ್ಟಿಗೆ ಅದರ ಹಿಂದೆ ಎಲ್ಲವನ್ನೂ ಕಾಣುವ ಭಗವಂತನೂ ಇದ್ದಾನೆ. ಬಲ್ಮಠದ ದೈವಜ್ಞಾನ ಶಾಲೆಯಲ್ಲಿ ಓದುವ ಸುವಾರ್ತೆಯೂ ಈ ಜಾಗಕ್ಕೆ ಹತ್ತಿರ ಬರುತ್ತದೆ. ಗುಡ್ಡದ ಮೇಲಿನ ಪ್ರಸಂಗದಲ್ಲಿ ಯೇಸು ದಾನದ ಬಗ್ಗೆ ಹೇಳುವಾಗ ಎಡಗೈಗೆ ತಿಳಿಯದಂತೆ ಬಲಗೈ ಕೊಡಲಿ, ಗುಟ್ಟಿನಲ್ಲಿ ನೋಡುವ ತಂದೆಗೆ ಅದು ಗೊತ್ತು ಎಂಬ ಅರ್ಥದ ಬೋಧನೆ ಇದೆ.

ಆದರೂ ಎರಡು ಸಂಪ್ರದಾಯಗಳೂ ಕೀರ್ತಿಯನ್ನು ಪೂರ್ತಿ ಹೊರಗೆ ನೂಕಿಲ್ಲ ಎಂಬುದನ್ನು ಮರೆಯಬಾರದು. ಭಗವದ್ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಅಪಕೀರ್ತಿಯ ಮಾತನ್ನೂ ಹೇಳುತ್ತಾನೆ: ಓಡಿಹೋದವನೆಂದು ಜನ ಆಡಿಕೊಂಡರೆ ಅದು ಸಾವಿಗಿಂತ ಕೆಟ್ಟದ್ದು, ಸತ್ತರೆ ಸ್ವರ್ಗ ಉಂಟು, ಗೆದ್ದರೆ ಭೂಮಿ ಉಂಟು. ಕೆಲವೇ ಶ್ಲೋಕಗಳ ನಂತರ ಅದೇ ಕೃಷ್ಣ ಫಲದ ಮೇಲಿನ ಹಕ್ಕನ್ನೇ ತೆಗೆದುಹಾಕುತ್ತಾನೆ. ಪೌಲನೂ ತನ್ನ ಪತ್ರಗಳಲ್ಲಿ ಓಟದ ಕೊನೆಗೆ ಸಿಗುವ ಕಿರೀಟದ ಉಪಮೆಯನ್ನು ಸಂಕೋಚವಿಲ್ಲದೆ ಬಳಸುತ್ತಾನೆ. ವ್ಯಾಖ್ಯಾನಕಾರರು ಇದನ್ನು ಮೆಟ್ಟಿಲುಗಳೆಂದು ವಿವರಿಸಿದ್ದಾರೆ. ಹಾಗೆ ನೋಡಿದರೆ ಸೈನ್ಯ ನಿಂತಿರುವುದು ಮೊದಲ ಮೆಟ್ಟಿಲ ಮೇಲೆ, ನಿಲ್ಲಬೇಕಾದದ್ದೂ ಅಲ್ಲೇ. 18 ವರ್ಷದ ಹುಡುಗನನ್ನು ಗುಂಡಿನ ಎದುರಿಗೆ ಕಳಿಸುವ ಸಂಸ್ಥೆ ನಿಷ್ಕಾಮ ಕರ್ಮವೊಂದನ್ನೇ ನಂಬಿ ಕೂರಲಾರದು. ಅವನ ತಂದೆ ತಾಯಿ ಊರಲ್ಲಿ ತಲೆ ಎತ್ತಿ ನಡೆಯುವಂಥ ಗುರುತೊಂದು ಬೇಕೇ ಬೇಕು.

ಅಪಾಯ ಇರುವುದು ಗುರುತು ಗುರಿಯಾದಾಗ. ಪದಕಕ್ಕಾಗಿಯೇ ಮುನ್ನುಗ್ಗುವ ಅಧಿಕಾರಿ ತನ್ನ ಹಿಂದಿರುವ ಜವಾನರ ಪ್ರಾಣವನ್ನು ಪಣಕ್ಕಿಡುತ್ತಾನೆ. ಶರಣರಲ್ಲಿ ಆಯ್ದಕ್ಕಿ ಲಕ್ಕಮ್ಮನ ಕಥೆ ಇದನ್ನೇ ಬೇರೆ ಬಗೆಯಲ್ಲಿ ಹೇಳುತ್ತದೆ. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬನ್ನಿ ಎಂದಳು. ಕಾಯಕಕ್ಕೆ ತಕ್ಕದ್ದಕ್ಕಿಂತ ಒಂದು ಹಿಡಿ ಹೆಚ್ಚು ಬಂದರೂ ಕಾಯಕ ಕೆಡುತ್ತದೆ ಎಂಬುದು ಆಕೆಯ ನಿಲುವು. ದೇವಯ್ಯನವರ ಕೆಲಸ ಈ ಕಡೆಯಿಂದ ನೋಡಿದರೆ ಸ್ವಚ್ಛವಾದದ್ದು. ಕಾಣುವವರು ಯಾರೂ ಇಲ್ಲ, ಸುದ್ದಿ ಮುಟ್ಟುವ ದಾರಿ ಇಲ್ಲ, ಮರಳುವ ಭರವಸೆಯೂ ಕಡಿಮೆ ಎಂಬ ಸ್ಥಿತಿಯಲ್ಲಿ ನಡೆದ ಕೆಲಸಕ್ಕೆ ಪದಕದ ಆಸೆ ಕಾರಣವಾಗಿರಲು ಸಾಧ್ಯವೇ ಇಲ್ಲ.

ಪದಕವನ್ನು ಬಹುಮಾನವೆಂದು ತಿಳಿಯುವುದಕ್ಕಿಂತ ಋಣಪತ್ರವೆಂದು ತಿಳಿಯುವುದು ಸರಿಯಾದೀತು. ಜೋಳವಾಳಿಯಲ್ಲಿ ಸಾಲಗಾರ ಸೈನಿಕ. ಉಂಡ ಜೋಳವನ್ನು ಪ್ರಾಣದಿಂದ ತೀರಿಸುತ್ತಾನೆ. ತೀರಿಸಿದ ಮರುಗಳಿಗೆ ಲೆಕ್ಕ ತಿರುಗಿ, ಒಡೆಯ ಸಾಲಗಾರನಾಗುತ್ತಾನೆ. ನೆತ್ತರುಗೊಡಗೆಯ ಹೊಲ ಆ ಸಾಲದ ಕಂತು. ಇಂದಿನ ಪದಕ, ಅದರ ಜೊತೆಗೆ ಬರುವ ಭತ್ಯೆ, ಊರಿನ ವೃತ್ತಕ್ಕೆ ಇಡುವ ಹೆಸರು ಎಲ್ಲವೂ ಆ ಕಂತುಗಳೇ. ಸಾಲ ಕೊಟ್ಟವನು ಇಲ್ಲ, ಆದ್ದರಿಂದ ಸಾಲ ಎಂದಿಗೂ ಪೂರ್ತಿ ತೀರುವುದಿಲ್ಲ. 23 ವರ್ಷ ತಡವಾದರೂ ಕೊಡಲೇಬೇಕಾಗಿದ್ದು ಇದಕ್ಕಾಗಿ. ತನೇಜಾ ಬರೆದ ಪತ್ರ ಒಬ್ಬ ಮುಖ್ಯಸ್ಥ ತನ್ನ ಮೇಲಿದ್ದ ಋಣವನ್ನು ಒಪ್ಪಿಕೊಂಡ ರೀತಿ. ಆ ಒಪ್ಪಿಗೆಗೆ ಪದಕದಷ್ಟೇ ಗೌರವ ಸಲ್ಲಬೇಕು.

ಪರಮವೀರ ಚಕ್ರದ ವಿನ್ಯಾಸದಲ್ಲೂ ಈ ಋಣದ ವಿಚಾರ ಅಡಗಿದೆ. ಅದನ್ನು ರೂಪಿಸಿದವರು ಸಾವಿತ್ರಿ ಖಾನೋಲ್ಕರ್. ಹುಟ್ಟಿದ್ದು ಸ್ವಿಟ್ಜರ್ಲೆಂಡಿನಲ್ಲಿ, ಭಾರತೀಯ ಸೇನಾಧಿಕಾರಿಯನ್ನು ಮದುವೆಯಾಗಿ ಇಲ್ಲಿಯವರೇ ಆದರು. ಪದಕದ ಮೇಲೆ ಅವರು ಇಟ್ಟದ್ದು ಇಂದ್ರನ ವಜ್ರಾಯುಧದ ನಾಲ್ಕು ರೂಪ. ವಜ್ರಾಯುಧ ಆದದ್ದು ದಧೀಚಿ ಮುನಿಯ ಮೂಳೆಯಿಂದ. ವೃತ್ರನನ್ನು ಕೊಂದ ಕೀರ್ತಿ ಇಂದ್ರನಿಗೆ ಹೋಯಿತು; ಯುದ್ಧ ಶುರುವಾಗುವ ಮೊದಲೇ, ಕೇಳಿದ್ದಕ್ಕೆ ದೇಹ ಬಿಟ್ಟು ಮೂಳೆ ಕೊಟ್ಟ ಮುನಿ ಗೆಲುವನ್ನು ನೋಡಲಿಲ್ಲ. ದೇಶದ ಅತ್ಯುನ್ನತ ಪದಕ ಹೊತ್ತಿರುವುದು ಗೆದ್ದ ದೇವತೆಯ ಮುಖವನ್ನಲ್ಲ, ಕೊಟ್ಟವನ ಮೂಳೆಯನ್ನು.

ಪದಕ ತೊಡುವ ಕ್ರಮದಲ್ಲಿ ಒಂದು ವಾಡಿಕೆ ಇದೆ. ಗಳಿಸಿದ ಸೈನಿಕ ಅದನ್ನು ಎಡ ಎದೆಯ ಮೇಲೆ ತೊಡುತ್ತಾನೆ. ಅವನು ಇಲ್ಲವಾದ ಮೇಲೆ ಸ್ಮಾರಕದ ಕಾರ್ಯಕ್ರಮಗಳಿಗೆ ಬರುವ ಪತ್ನಿಯೋ ಮಗನೋ ಅದೇ ಪದಕವನ್ನು ಬಲ ಎದೆಗೆ ಚುಚ್ಚಿಕೊಳ್ಳುತ್ತಾರೆ. ಹೃದಯದ ಕಡೆ ತೊಡುವ ಹಕ್ಕು ಮಾಡಿದವನದು. ಬಲಗಡೆ ತೊಟ್ಟವರು ಅದನ್ನು ಅವನ ಪರವಾಗಿ ಹೊತ್ತಿರುವವರು, ಅವನ ಕೆಲಸಕ್ಕೆ ಸಾಕ್ಷಿಯಾಗಿ ಬಂದವರು.